ಗಾಳಿಯಲ್ಲಿ ಬರೀ ಶೇ. 0.04ರಷ್ಟಿರುವ ಕಾರ್ಬನ್ ಡೈಆಕ್ಸೈಡ್ ಇಡೀ ಭೂಮಿಯನ್ನೇ ಬಿಸಿ ಮಾಡುತ್ತಾ?

ನಿಮ್ಮ ಅನುಮಾನ ಎರಡು. ಇಷ್ಟು ಚೂರು ಅನಿಲದಿಂದ ಏನಾದೀತು ಅನ್ನುವುದು ಒಂದು. ನಾಳೆ ಮಳೆ ಬರುತ್ತಾ ಅಂತಲೇ ನೆಟ್ಟಗೆ ಹೇಳಲಾರದವರು 2100ರ ಲೆಕ್ಕ ಹೇಳುತ್ತಾರಲ್ಲ ಅನ್ನುವುದು ಇನ್ನೊಂದು. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ವರ್ಷಕ್ಕೊಮ್ಮೆಯಾದರೂ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ.

ಒಂದು ಬಕೆಟ್ ನೀರಿಗೆ ಬಟ್ಟೆಯ ನೀಲಿ ನಾಲ್ಕು ಹನಿ ಹಾಕಿ. ಇಡೀ ಬಕೆಟ್ ನೀಲಿಯಾಗುತ್ತದೆ. ನೀರು ಎಷ್ಟೇ ಇರಲಿ, ಬೆಳಕಿನ ವಿಷಯದಲ್ಲಿ ಅದು ಸುಮ್ನೆ ಇರುತ್ತದೆ. ಕೆಲಸ ಮಾಡುವುದು ಆ ಹನಿಗಳು. ಗಾಳಿಯಲ್ಲಿ ಶೇ. 78 ನೈಟ್ರೋಜನ್, 21 ಆಕ್ಸಿಜನ್, ಉಳಿದದ್ದರಲ್ಲಿ ಬಹುಪಾಲು ಆರ್ಗಾನ್. ನೆಲದಿಂದ ಮೇಲೇಳುವ ಶಾಖದ ಕಿರಣಗಳಿಗೆ, ಅಂದರೆ ಇನ್‌ಫ್ರಾರೆಡ್‌ಗೆ, ಈ ಮೂರೂ ಇದ್ದೂ ಇಲ್ಲದ ಹಾಗೆ. 1859ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಜಾನ್ ಟಿಂಡಾಲ್ ಕೊಳವೆಯೊಳಗೆ ಬೇರೆ ಬೇರೆ ಅನಿಲ ತುಂಬಿ ಇದನ್ನೇ ಅಳೆದು ನೋಡಿದರು. ಕಿರಣವನ್ನು ಹಿಡಿದದ್ದು ನೀರಾವಿ, ಕಾರ್ಬನ್ ಡೈಆಕ್ಸೈಡ್‌ನಂಥವು. ಅಂದ ಹಾಗೆ, 0.04 ಅಂದರೆ ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ತೂಕ ಹಾಕಿ ನೋಡಿ. ಒಂದು ಚದರ ಮೀಟರ್ ಅಂಗಳದ ಮೇಲೆ ಆಕಾಶದ ತುದಿಯವರೆಗೆ ಇರುವ ಗಾಳಿಯಲ್ಲಿ ಸುಮಾರು ಆರೂವರೆ ಕೆಜಿ ಕಾರ್ಬನ್ ಡೈಆಕ್ಸೈಡ್ ಇದೆ.

ಇನ್ನು ಭೂಮಿಯ ಜಮಾ-ಖರ್ಚು. ಬಿಸಿಲಿಗೆ ನೇರವಾಗಿ ಒಡ್ಡಿದ ಒಂದು ಚದರ ಮೀಟರ್‌ಗೆ, ವಾತಾವರಣದ ಆಚೆ, 1361 ವ್ಯಾಟ್ ಬರುತ್ತದೆ. ಭೂಮಿ ಗುಂಡಗಿದೆ, ಅರ್ಧ ಭಾಗಕ್ಕೆ ರಾತ್ರಿ. ಹಾಗಾಗಿ ನಾಲ್ಕರಿಂದ ಭಾಗಿಸಬೇಕು: 340. ಅದರಲ್ಲಿ ಶೇ. 30ರಷ್ಟನ್ನು ಮೋಡ, ಹಿಮ, ಮರಳು ಹಾಗೇ ವಾಪಸ್ ಕಳಿಸುತ್ತವೆ. ಉಳಿದದ್ದು ಸುಮಾರು 240. ಇಷ್ಟನ್ನು ಹೊರಹಾಕಬೇಕಾದರೆ ಒಂದು ವಸ್ತು ಎಷ್ಟು ಬಿಸಿ ಇರಬೇಕು? ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿದರೆ ಮೈನಸ್ 18 ಡಿಗ್ರಿ ಬರುತ್ತದೆ. ನೆಲದ ನಿಜವಾದ ಸರಾಸರಿ ಪ್ಲಸ್ 15ರ ಹತ್ತಿರ. ಮಧ್ಯದ 33 ಡಿಗ್ರಿ ಎಲ್ಲಿಂದ ಬಂತು?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಪಾಲಿಹೌಸ್‌ನಲ್ಲಿ ಶಾಖ ಸಿಕ್ಕಿಹಾಕಿಕೊಂಡ ಹಾಗೆ ಅಂತ ಬಹಳ ವರ್ಷ ಪಾಠ ಮಾಡಿದೆ. ಆದರೆ ಮಾಮೂಲಿ ಪಾಲಿಥೀನ್ ಹಾಳೆ ಇನ್‌ಫ್ರಾರೆಡ್ ಅನ್ನು ಬಹುಪಾಲು ಹೊರಗೆ ಬಿಟ್ಟುಬಿಡುತ್ತದೆ! ಪಾಲಿಹೌಸ್ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಮೇಲೆದ್ದು ಹೋಗಲಾಗದೆ. ಭೂಮಿಯ ಕಥೆಯೇ ಬೇರೆ. ‘ಹಸಿರುಮನೆ ಪರಿಣಾಮ’ ಅನ್ನುವ ಹೆಸರೇ ದಾರಿ ತಪ್ಪಿಸುವಂಥದ್ದು.

ಹಾಗಾದರೆ ನಿಜವಾಗಿ ಆಗುವುದೇನು? ಘಟ್ಟ ಹತ್ತಿದ ಹಾಗೆಲ್ಲ ತಂಪಾಗುವುದು ನಿಮಗೆ ಗೊತ್ತು. ಒಂದು ಕಿಲೋಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ನೆಲದಿಂದ ಹೊರಟ ಶಾಖದಲ್ಲಿ ಹೆಚ್ಚಿನದು ನೇರ ಆಕಾಶಕ್ಕೆ ಹೋಗುವುದಿಲ್ಲ. ನೀರಾವಿ, ಕಾರ್ಬನ್ ಡೈಆಕ್ಸೈಡ್ ಅದನ್ನು ಹೀರುತ್ತವೆ, ಮತ್ತೆ ಬಿಡುತ್ತವೆ, ಮೇಲಿನ ಪದರ ಮತ್ತೆ ಹೀರುತ್ತದೆ. ಗಾಳಿ ಸಾಕಷ್ಟು ತೆಳುವಾದ ಕಡೆಯಿಂದ ಮಾತ್ರ ಶಾಖ ತಪ್ಪಿಸಿಕೊಳ್ಳುತ್ತದೆ. ಆ ಎತ್ತರ ಸರಾಸರಿ 5 ಕಿಲೋಮೀಟರ್. ಅಲ್ಲಿನ ಬಿಸಿ ಎಷ್ಟು? ಮೈನಸ್ 18ರ ಆಸುಪಾಸು. ಐದನ್ನು ಆರೂವರೆಯಿಂದ ಗುಣಿಸಿ, ಆ 33ರ ಹತ್ತಿರಕ್ಕೇ ಬರುತ್ತೀರಿ. ಈ ಲೆಕ್ಕ ಕೂಡಿಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಮಾಡಿ. ಶಾಖ ತಪ್ಪಿಸಿಕೊಳ್ಳುವ ಜಾಗ ಇನ್ನೂ ಮೇಲಕ್ಕೆ ಸರಿಯುತ್ತದೆ. ಮೇಲೆ ಚಳಿ ಹೆಚ್ಚು, ಆದ್ದರಿಂದ ಅಲ್ಲಿಂದ ಹೊರಹೋಗುವ ಶಾಖ ಕಡಿಮೆ. ಜಮಾ 240 ಹಾಗೇ ಇದೆ, ಖರ್ಚು ಇಳಿಯಿತು. ಎರಡೂ ಮತ್ತೆ ಸಮ ಆಗುವ ತನಕ ಕೆಳಗಿನದೆಲ್ಲ ಬಿಸಿಯಾಗುತ್ತಾ ಹೋಗುತ್ತದೆ. ಈ ಅನಿಲ ಹಿಡಿಯಬೇಕಾದ್ದನ್ನೆಲ್ಲ ಆಗಲೇ ಹಿಡಿದಾಗಿದೆ, ಇನ್ನಷ್ಟು ಸೇರಿಸಿದರೆ ಏನೂ ಆಗದು ಅಂತ 1900ರ ಹೊತ್ತಿಗೇ ಆಕ್ಷೇಪ ಬಂದಿತ್ತು. ಕೆಳಗಿನ ಗಾಳಿಯನ್ನಷ್ಟೇ ನೋಡಿದರೆ ಅದು ಸರಿ ಅನ್ನಿಸುತ್ತದೆ. ತೀರ್ಮಾನವಾಗುವುದು ಮೇಲೆ. ನೀರಾವಿಯೇ ಹೆಚ್ಚು ಶಾಖ ಹಿಡಿಯುತ್ತದಲ್ಲ ಅಂದರೆ, ಹೌದು. ಆದರೆ ಅದು ಹತ್ತು ದಿನಕ್ಕೆಲ್ಲ ಮಳೆಯಾಗಿ ಸುರಿದುಬಿಡುತ್ತದೆ. ಗಾಳಿ ಎಷ್ಟು ಬಿಸಿಯೋ ಅಷ್ಟೇ ನೀರಾವಿ ಅದರಲ್ಲಿ ನಿಲ್ಲುವುದು.

ಎರಡನೇ ಅನುಮಾನಕ್ಕೆ ಬರೋಣ. ಮುಂದಿನ ಏಪ್ರಿಲ್ 17ಕ್ಕೆ ಕಲಬುರಗಿಯಲ್ಲಿ ಎಷ್ಟು ಡಿಗ್ರಿ ಅಂತ ಕೇಳಿದರೆ ನಾನು ಕೈ ಎತ್ತುತ್ತೇನೆ. ಅಲ್ಲಿ ಏಪ್ರಿಲ್, ಡಿಸೆಂಬರ್‌ಗಿಂತ ಜಾಸ್ತಿ ಸುಡುತ್ತಾ ಅಂತ ಕೇಳಿ, ಪಣ ಕಟ್ಟುತ್ತೇನೆ. ಮೊದಲನೆಯದಕ್ಕೆ ಇವತ್ತಿನ ಮೋಡ, ಗಾಳಿಯ ಚೂರುಚೂರು ವಿವರ ಬೇಕು. ಎರಡನೆಯದಕ್ಕೆ ಜಮಾ-ಖರ್ಚು ಸಾಕು. ಹವಾಮಾನ ಮಾದರಿಗಳು, ಅಂದರೆ ಭೂಮಿಯ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳು, ಹೇಳುವುದು ಎರಡನೇ ಥರದ್ದು.

1967ರಲ್ಲಿ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಗಾಳಿಯ ಒಂದೇ ಒಂದು ಕಂಬವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಕಾರ್ಬನ್ ಡೈಆಕ್ಸೈಡ್ ಎರಡರಷ್ಟಾದರೆ ನೆಲ ಸುಮಾರು 2.3 ಡಿಗ್ರಿ ಬಿಸಿಯಾಗುತ್ತದೆ, ಆದರೆ ಸ್ಟ್ರಾಟೋಸ್ಫಿಯರ್ ಅನ್ನುವ ವಾತಾವರಣದ ಮೇಲಿನ ಪದರ ತಣ್ಣಗಾಗುತ್ತದೆ ಅಂತ ಉತ್ತರ ಬಂತು. ಸೂರ್ಯನೇ ಕಾರಣವಾಗಿದ್ದರೆ ಮೇಲೂ ಬಿಸಿಯಾಗಬೇಕಿತ್ತು. ಆಮೇಲೆ ಉಪಗ್ರಹಗಳು ಅಳೆದಾಗ ಮೇಲೆ ತಣ್ಣಗಾಗಿದ್ದೇ ನಿಜ. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಇನ್ನೊಂದು ಪರೀಕ್ಷೆಯನ್ನು ಪ್ರಕೃತಿಯೇ ಮಾಡಿತು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಅದು ಮೇಲಕ್ಕೆ ಎಸೆದ ಕಣಗಳು ಬಿಸಿಲು ತಡೆದು ಭೂಮಿ ಅರ್ಧ ಡಿಗ್ರಿಯಷ್ಟು ತಣ್ಣಗಾಗುತ್ತದೆ ಅಂತ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ತಂಡ ಮಾದರಿಯ ಲೆಕ್ಕ ನೋಡಿ ಮುಂಚೆಯೇ ಹೇಳಿತು. ಹೆಚ್ಚುಕಡಿಮೆ ಹಾಗೇ ಆಯಿತು.

ಅನುಮಾನ ಪಡಲೇಬೇಕು ಅಂದರೆ ಅದಕ್ಕೆ ಸರಿಯಾದ ಜಾಗವೂ ಇದೆ. ಮೋಡದ ಲೆಕ್ಕ ಇನ್ನೂ ತೊಡಕು. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಎರಡರಷ್ಟಾದರೆ ಎಷ್ಟು ಬಿಸಿ ಅನ್ನುವುದಕ್ಕೆ ಈಗಲೂ 2.5ರಿಂದ 4 ಡಿಗ್ರಿ ಅಂತಲೇ ಹೇಳುತ್ತಾರೆ. ಮಳೆ ಇನ್ನೂ ಕಷ್ಟ. ಇಡೀ ಭೂಮಿಯ ಮಾದರಿಗಳು ನೆಲವನ್ನು ಹೆಚ್ಚಾಗಿ 100 ಕಿಮೀ ಆಸುಪಾಸಿನ ಚೌಕಗಳಾಗಿ ಕತ್ತರಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀ ದಾಟುವ ಮಳೆ. ನೇರ ಗೆರೆ ಎಳೆದರೆ 70 ಕಿಮೀ ದೂರದ ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಎರಡೂ ಊರು ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ನಿಮ್ಮ ತಾಲ್ಲೂಕಿನಲ್ಲಿ 2070ರಲ್ಲಿ ಇಷ್ಟೇ ಮಿಮೀ ಮಳೆ ಅಂತ ಯಾರಾದರೂ ಹೇಳಿದರೆ, ಆಗುಂಬೆ, ಶಿವಮೊಗ್ಗ ಒಂದೇ ಚೌಕದಲ್ಲಿದ್ದರೆ ಅದು ಹೇಗೆ ಗೊತ್ತಾಯಿತು ಅಂತ ಅವರನ್ನು ಕೇಳಿ.