ಇರುವ ಕಾರಲ್ಲೇ ರ‍್ಯಾಲಿಗೆ ಇಳಿಯಿರಿ, ಸೈಲೆನ್ಸರ್ ಆಮೇಲೆ ನೋಡೋಣ

ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ರೇಸ್ ನಡೆದಾಗಲೆಲ್ಲ ನನಗೆ ಓದುಗರಿಂದ ಬರುವ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಹತ್ತರಲ್ಲಿ ಎಂಟು ಒಂದೇ ಥರ. ಯಾವ ಸೈಲೆನ್ಸರ್ ಹಾಕಿಸಲಿ? ಯಾವ ಫಿಲ್ಟರ್ ತರಲಿ? ರೀಮ್ಯಾಪ್ (ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಾವಣೆ) ಮಾಡಿಸಿದರೆ ಎಷ್ಟು ಪವರ್ ಬರುತ್ತದೆ? ಉತ್ತರ ಕೊಟ್ಟು ಕೊಟ್ಟು ಬೇಸತ್ತಿದ್ದೇನೆ. ಆದರೂ ಈ ಸಲ ಬಂದ ಒಂದು ಪತ್ರಕ್ಕಾಗಿ ಕೂತು ಬರೆಯುತ್ತಿದ್ದೇನೆ, ಅದು ಸರಿಯಾದ ಪ್ರಶ್ನೆ ಅನ್ನುವ ಕಾರಣಕ್ಕೆ. ಪತ್ರ ಹೀಗಿದೆ:

ನನಗೆ 24 ವರ್ಷ. ಮಂಡ್ಯದವನು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಅಪ್ಪನ ಹಳೇ ಆಲ್ಟೊ ಇದೆ. ಮನೆ ಖರ್ಚು ಕಳೆದು ತಿಂಗಳಿಗೆ ನಾಲ್ಕೈದು ಸಾವಿರ ಉಳಿಯುತ್ತದೆ. ಈ ದುಡ್ಡಲ್ಲಿ ಮೋಟಾರ್ ಸ್ಪೋರ್ಟ್‌ಗೆ ಬರಲು ದಾರಿ ಇದೆಯಾ? ಇಲ್ಲ ಅಂದರೆ ಇಲ್ಲ ಅಂತ ಹೇಳಿ, ಸುಮ್ಮನಾಗುತ್ತೇನೆ.

ಇದೆ. ಸುಮ್ಮನಾಗಬೇಡಿ. ಆಲ್ಟೊ ಸಾಕು.

ನೀವು ಹೋಗಬೇಕಾದದ್ದು ಟಿಎಸ್‌ಡಿ ರ‍್ಯಾಲಿಗೆ. ಸಮಯ, ವೇಗ, ದೂರ, ಈ ಮೂರರ ಲೆಕ್ಕದ ಆಟ. ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ಕಾರಿನಲ್ಲಿ, ಟ್ರಾಫಿಕ್ ನಿಯಮ ಪಾಲಿಸಿಕೊಂಡೇ ಆಡುತ್ತಾರೆ. ಯಾರು ಮೊದಲು ಮುಟ್ಟಿದರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹೇಳಿದ ಸರಾಸರಿ ವೇಗದಲ್ಲಿ, ಹೇಳಿದ ಸೆಕೆಂಡಿಗೆ ಸರಿಯಾಗಿ ತಲುಪಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ಹೆಚ್ಚಿನ ಕಡೆ ಬೇಗ ಬಂದರೇ ದಂಡ ಜಾಸ್ತಿ. ಸಮಯ ನೋಡುವವರು ಎಲ್ಲಿ ಕೂತಿರುತ್ತಾರೆ ಅಂತ ಮೊದಲೇ ಹೇಳುವುದಿಲ್ಲ. ಹುಣಸೆಮರದ ಹಿಂದೆ ಇರಬಹುದು, ತಿರುವು ದಾಟಿದ ಕೂಡಲೇ ಇರಬಹುದು. ಹಾಗಾಗಿ ದಾರಿಯುದ್ದಕ್ಕೂ ಲೆಕ್ಕದಲ್ಲೇ ಇರಬೇಕು.

20 ವರ್ಷ ಎಡಗಡೆ ಸೀಟಿನಲ್ಲಿ ಕೂತು, ಡ್ರೈವರ್‌ಗೆ ದಾರಿ, ಸಮಯ ಹೇಳುತ್ತಾ ನ್ಯಾವಿಗೇಟ್ ಮಾಡಿದ ಮೇಲೆ ಹೇಳುತ್ತಿದ್ದೇನೆ. ಈ ಆಟ ಗೆಲ್ಲುವುದು ಒಂದು ರಟ್ಟಿನ ಚೂರಿನಿಂದ. ಅದರ ಮೇಲೆ ಇಷ್ಟು ಬರೆದುಕೊಳ್ಳಿ: ಗಂಟೆಗೆ 30 ಕಿ.ಮೀ. ಆದರೆ ಒಂದು ಕಿಲೋಮೀಟರಿಗೆ 120 ಸೆಕೆಂಡ್. 36 ಆದರೆ 100. 40 ಆದರೆ 90. 45 ಆದರೆ 80. 48 ಆದರೆ 75. 50 ಆದರೆ 72. ಇದು ಬಾಯಿಪಾಠ ಆಗಬೇಕು, ಮಗ್ಗಿ ಥರ.

ಆಯೋಜಕರು ಕೊಡುವ ದಾರಿಯ ಪುಸ್ತಕ, ಅಂದರೆ ರೋಡ್ ಬುಕ್‌ನಲ್ಲಿ 12.4 ಕಿ.ಮೀ. ದೂರವನ್ನು 40ರ ಸರಾಸರಿಯಲ್ಲಿ ಹೋಗಿ ಅಂತ ಇದೆ ಅಂದುಕೊಳ್ಳಿ. 12.4ನ್ನು 90ರಿಂದ ಗುಣಿಸಿ. 1116 ಸೆಕೆಂಡ್. ಅಂದರೆ 18 ನಿಮಿಷ 36 ಸೆಕೆಂಡ್. 7 ಗಂಟೆ 4 ನಿಮಿಷಕ್ಕೆ ಹೊರಟಿದ್ದರೆ 7 ಗಂಟೆ 22 ನಿಮಿಷ 36 ಸೆಕೆಂಡಿಗೆ ಅಲ್ಲಿರಬೇಕು. ಕೊನೆಗೆ ಮುಟ್ಟುವಾಗ ಮಾತ್ರ ನೋಡಿದರೆ ಸಾಲದು. ಪ್ರತಿ ಕಿಲೋಮೀಟರಿಗೂ ಗಡಿಯಾರ ನೋಡಿ "ನಾಲ್ಕು ಸೆಕೆಂಡ್ ಹಿಂದೆ", "ಸರಿ ಇದೀವಿ" ಅಂತ ಹೇಳುತ್ತಾ ಇರಬೇಕು. ಡ್ರೈವರ್ ಅದನ್ನು ಕೇಳಿ ಕಾಲು ಅಷ್ಟೇ ಒತ್ತುತ್ತಾನೆ, ಅಷ್ಟೇ ಬಿಡುತ್ತಾನೆ. ಕಾರಿನ ಟ್ರಿಪ್ ಮೀಟರ್ ತೋರಿಸುವ ಅತಿ ಸಣ್ಣ ಅಂಕಿ 100 ಮೀಟರ್. 40ರ ವೇಗದಲ್ಲಿ ಅದು 9 ಸೆಕೆಂಡ್. ಅಂಕಿ ಬದಲಾಗುವ ಆ ಕ್ಷಣಕ್ಕೇ ಗಡಿಯಾರ ಓದುವ ಅಭ್ಯಾಸ ಮಾಡಿಕೊಳ್ಳಿ. ಇದಕ್ಕೆ ದುಡ್ಡು ಬೇಡ, ನಾಲ್ಕು ಭಾನುವಾರ ಬೇಕು.

ಇನ್ನು ಮುಖ್ಯವಾದದ್ದು. ನಿಮ್ಮ ಕಾರಿನ ಮೀಟರ್ ತಪ್ಪು ತೋರಿಸುತ್ತದೆ. ಎಲ್ಲರ ಕಾರಿನದೂ ಅಷ್ಟೇ. ಆಯೋಜಕರು ರೋಡ್ ಬುಕ್ ಬರೆದಾಗ ಅಳೆದ 10 ಕಿ.ಮೀ. ನಿಮ್ಮ ಕಾರಿನಲ್ಲಿ 10.2 ಆಗಬಹುದು. ಹಾಗಾದರೆ ನಿಮ್ಮ ಮೀಟರ್ ತೋರಿಸಿದ್ದನ್ನೆಲ್ಲ 1.02ರಿಂದ ಭಾಗಿಸಬೇಕು. ಶೇ 2 ತಾನೇ ಅಂತ ಬಿಟ್ಟರೆ 50 ಕಿ.ಮೀ.ಗೆ ಒಂದು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. 40ರ ಸರಾಸರಿಯಲ್ಲಿ 90 ಸೆಕೆಂಡ್. ಅಲ್ಲಿಗೆ ನಿಮ್ಮ ರ‍್ಯಾಲಿ ಮುಗಿಯಿತು.

ಒಂದು ಸಲ ಒಂದು ದೊಡ್ಡ ಜೀಪು ಬಂದಿತ್ತು. ಅಗಲ ಟೈರು, ಚಾವಣಿ ಮೇಲೆ ಸಾಲು ದೀಪ. ಪಕ್ಕದಲ್ಲಿ ಬಣ್ಣ ಮಾಸಿದ ಮಾರುತಿ 800. ಅದರಲ್ಲಿ ಇಬ್ಬರು, ಒಬ್ಬ ಬ್ಯಾಂಕಿನಲ್ಲಿ ಕ್ಯಾಷಿಯರ್. ಜೀಪಿನವರು ಕಂಪನಿ ಟೈರ್ ತೆಗೆದು ಎತ್ತರದ ಟೈರ್ ಹಾಕಿಸಿದ್ದರು. ಎತ್ತರದ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಶೇ 3ರಷ್ಟು ಕಡಿಮೆ ತೋರಿಸಿದರೆ 60 ಕಿ.ಮೀ.ಗೆ 1.8 ಕಿ.ಮೀ. ತಪ್ಪು. ಅವರು ಮೀಟರ್ ಸರಿ ಹೊಂದಿಸಿಕೊಳ್ಳದೆ ಹೊರಟರು. ಸಮಯ ನೋಡುವ ಪ್ರತಿ ಟೈಮ್ ಕಂಟ್ರೋಲ್‌ಗೂ ಮೊದಲೇ ಬಂದು ದಂಡ ಕಟ್ಟಿದರು. ಕ್ಯಾಷಿಯರ್ ಹುಡುಗ ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ನೋಟು ಎಣಿಸಿದ ಹಾಗೆ ಸೆಕೆಂಡ್ ಎಣಿಸಿದ. ಹೊಸಬರ ವಿಭಾಗದಲ್ಲಿ ಕಪ್ ತೆಗೆದುಕೊಂಡು ಹೋದ. ಅವತ್ತು ಅವನ ಮುಖ ನೋಡಬೇಕಿತ್ತು.

ಅದಕ್ಕೇ ಹೇಳುತ್ತೇನೆ, ಮೊದಲು ಕಾರನ್ನಲ್ಲ, ಜೊತೆಗಾರನನ್ನು ಹುಡುಕಿ. ಲೆಕ್ಕ ಬರುವವನು, ಕಾರಿನಲ್ಲಿ ಓದಿದರೆ ವಾಂತಿ ಬಾರದವನು, ದಾರಿ ತಪ್ಪಿದಾಗ ಕೂಗಾಡದವನು. ತಂಗಿ ಆಗಬಹುದು, ಹೆಂಡತಿ ಆಗಬಹುದು. ಪ್ರವೇಶ ಶುಲ್ಕವನ್ನೂ ಪೆಟ್ರೋಲನ್ನೂ ಇಬ್ಬರೂ ಅರ್ಧರ್ಧ ಹಾಕಿ. ಶುಲ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಊಟ, ಸ್ಟಿಕ್ಕರ್, ವಿಮೆ ಎಲ್ಲ ಸೇರಿದೆಯಾ ಅಂತ ಕೇಳಿಕೊಂಡೇ ಕಟ್ಟಿ. ಮೂರು ತಿಂಗಳಿಗೊಂದು ರ‍್ಯಾಲಿ ಸಾಕು, ನಿಮ್ಮ ಉಳಿತಾಯ ತಡೆಯುತ್ತದೆ.

ಅಭ್ಯಾಸಕ್ಕೆ ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಬೆಳಗ್ಗೆ ಹೋಗಿ. 36ರ ಸರಾಸರಿ ಇಟ್ಟುಕೊಳ್ಳಿ. ಕಬ್ಬಿನ ಗಾಡಿ ಅಡ್ಡ ಬರುತ್ತದೆ, ಹಂಪ್ ಬರುತ್ತದೆ, ಸುಗ್ಗಿಯಲ್ಲಿ ರಸ್ತೆ ಮೇಲೇ ಹುರುಳಿ ಹರಡಿರುತ್ತಾರೆ. ಕಳೆದುಕೊಂಡ ಸೆಕೆಂಡನ್ನು ಒಂದೇ ಸಲ ಹಿಡಿಯಲು ಹೋಗದೆ, ಎರಡು ಮೂರು ಕಿಲೋಮೀಟರಿನಲ್ಲಿ ನಿಧಾನಕ್ಕೆ ಹಿಡಿಯಿರಿ. ಊರೊಳಗೆ ಹಿಡಿಯಲೇಬೇಡಿ. ಅಲ್ಲಿ ಮಕ್ಕಳಿರುತ್ತವೆ.

ಉಳಿದ ದುಡ್ಡು ಎಲ್ಲಿ ಹಾಕಬೇಕು? ಬ್ರೇಕ್ ಆಯಿಲ್‌ಗೆ. ಹತ್ತು ವರ್ಷ ಕಾರು ಇಟ್ಟುಕೊಂಡು ಒಂದು ಸಲವೂ ಬ್ರೇಕ್ ಆಯಿಲ್ ಬದಲಿಸದವರನ್ನು ದಿನಾ ನೋಡುತ್ತೇನೆ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಅದು 155ರ ತನಕ ಇಳಿಯಬಹುದು. ಚಾಮುಂಡಿ ಬೆಟ್ಟ ಇಳಿಯುವಾಗ ಸುಟ್ಟ ವಾಸನೆ ಬಂದಿದ್ದು ನೆನಪಿದೆಯಲ್ವಾ? ಅಲ್ಲಿ ಬಿಸಿಯಾಗುತ್ತಿರುವುದು ಪ್ಯಾಡ್ ಮತ್ತು ಡಿಸ್ಕ್. ಆ ಬಿಸಿ ಆಯಿಲ್‌ಗೆ ಮುಟ್ಟಿ ಅದು ಕುದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಆದ ಮೇಲೆ ಒಳ್ಳೆ ಟೈರ್, ಆಮೇಲೆ ಬ್ಯಾಟರಿ ಕ್ಲಾಂಪ್. ಈಗ ನಾನು ಸ್ಪರ್ಧೆಗೆ ಮುಂಚೆ ವಾಹನ ತಪಾಸಣೆ ಮಾಡುತ್ತೇನೆ. ಬಾನೆಟ್ ಎತ್ತಿದ ಕೂಡಲೇ ಬ್ಯಾಟರಿ ಹಿಡಿದು ಅಲ್ಲಾಡಿಸುತ್ತೇನೆ. ಅಲುಗಿದರೆ ವಾಪಸ್ ಕಳಿಸುತ್ತೇನೆ. ಎಷ್ಟು ಬೇಡಿಕೊಂಡರೂ ಬಿಡುವುದಿಲ್ಲ.

ಒಂದು ವಿಷಯ ಮರೆಯಬೇಡಿ. ನಿಮ್ಮ ವಿಮೆ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವನ್ನೆಲ್ಲ ಹೊರಗಿಟ್ಟಿರುತ್ತಾರೆ. ಟಿಎಸ್‌ಡಿಗೆ ಹೋಗುವ ಮುಂಚೆಯೂ ವಿಮೆ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ನಾನಂತೂ ಸಾಲದ ಕಂತು ಬಾಕಿ ಇರುವ ಕಾರನ್ನು ಮಣ್ಣಿನ ಟ್ರ್ಯಾಕಿಗೆ ಇಳಿಸಬೇಡಿ ಅಂತಲೇ ಹೇಳುವುದು. ನಿಮ್ಮದು ಸಾಲ ಮುಗಿದ ಹಳೇ ಆಲ್ಟೊ. ಒಂದು ವರ್ಷ ಟಿಎಸ್‌ಡಿ ಆದ ಮೇಲೆ, ಅಪ್ಪ ಒಪ್ಪಿದರೆ, ಆಟೊಕ್ರಾಸ್‌ಗೆ ಬನ್ನಿ. ಅದು ಮಣ್ಣಿನ ಟ್ರ್ಯಾಕಿನಲ್ಲಿ ಗಡಿಯಾರದ ಜೊತೆ ಓಟ, ಪಕ್ಕದವರು ಬಂದು ಗುದ್ದುವ ಭಯ ಕಡಿಮೆ.

ಇನ್ನು ಉಳಿದ ಓದುಗರ ಪ್ರಶ್ನೆಗಳು.

ಸೈಲೆನ್ಸರ್, ಫಿಲ್ಟರ್, ರೀಮ್ಯಾಪ್ (ಹದಿನಾರು ಓದುಗರು ಕೇಳಿದ್ದು)

ಬೇಡ. ಶಬ್ದ ಬರುತ್ತದೆ, ಸೆಕೆಂಡ್ ಬರುವುದಿಲ್ಲ.

ಎಕ್ಸ್‌ಪ್ರೆಸ್‌ವೇಯಲ್ಲಿ ರಾತ್ರಿ ಅಭ್ಯಾಸ ಮಾಡಬಹುದಾ?

ಮಾಡಬಾರದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಹೋಗುವಂತೆಯೇ ಇಲ್ಲ, ಕಾರಿನ ಮಿತಿ 100. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಕೆಳಗೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳಗ್ಗೆ ಐದಕ್ಕೆ ಬೆಟ್ಟದ ತಿರುವಿನಲ್ಲಿ ಅಭ್ಯಾಸ ಮಾಡುವವರಿಗೂ ಇದೇ ಉತ್ತರ. ಅಲ್ಲಿ ವಯಸ್ಸಾದವರು ವಾಕಿಂಗ್ ಬರುತ್ತಾರೆ ಕಣ್ರೀ.

ಕಡಿಮೆ ಬೆಲೆಗೆ ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಕೊಳವೆಗಳ ಪಂಜರ) ಹಾಕಿಕೊಡುತ್ತೇವೆ ಅನ್ನುತ್ತಾರೆ. ಹಾಕಿಸಲಾ?

ಈ ಪ್ರಶ್ನೆ ಬಂದರೆ ನನಗೆ ಸಿಟ್ಟು ಬರುತ್ತದೆ. ನನ್ನ 26ನೇ ವಯಸ್ಸಿನಲ್ಲಿ ಒಂದು ಗ್ಯಾರೇಜಿನವರು ನನಗೂ ಹಾಕಿಕೊಟ್ಟಿದ್ದರು. ಕಪ್ಪು ಬಣ್ಣ ಹೊಡೆದು ಫಳಫಳ ಮಾಡಿದ್ದರು. ತಪಾಸಣೆ ಮಾಡುವ ಹಿರಿಯರು ಒಂದು ತುದಿಯ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಉದ್ದಕ್ಕೂ ಬೆಸುಗೆಯ ಗೆರೆ. ಅದು ನೀರಿನ ಪೈಪು. ಕಾರು ಮಗುಚಿದ್ದರೆ ಆ ಗೆರೆಯೇ ಸೀಳಿಕೊಳ್ಳುತ್ತಿತ್ತು. ವಿಶ್ವ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎಯ ನಿಯಮ ಕೇಳುವುದು ಬೆಸುಗೆ ಇಲ್ಲದ, ತಣ್ಣಗೆ ಎಳೆದು ಮಾಡಿದ ಉಕ್ಕಿನ ಕೊಳವೆ. ಮುಖ್ಯ ಕಮಾನಿನ ಕೊಳವೆಗೆ 45 ಮಿ.ಮೀ. ವ್ಯಾಸ. ಅದರ ಗೋಡೆ 2.5 ಮಿ.ಮೀ. ದಪ್ಪ ಇರಬೇಕು, ಇಲ್ಲವೇ 50 ವ್ಯಾಸಕ್ಕೆ 2 ಮಿ.ಮೀ. ಇನ್ನೊಂದು ಮಾತು. ದಿನಾ ಓಡಿಸುವ ಕಾರಿಗೆ ಕೇಜ್ ಬೇಡವೇ ಬೇಡ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಡಿಕ್ಕಿಗೂ ಆ ಕಂಬಕ್ಕೆ ಬಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಸಿಗುತ್ತಿದೆ, ಹೊಸದರ ಹಾಗೇ ಇದೆ.

ತೆಗೆದುಕೊಳ್ಳಬೇಡಿ. ಪೆಟ್ಟು ತಡೆಯುವುದು ಒಳಗಿನ ಥರ್ಮೊಕೋಲ್ ಪದರ. ಒಂದು ಸಲ ಅಮುಕಿದರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಗೀರೂ ಕಾಣುವುದಿಲ್ಲ. ಜಾಕೆಟ್, ಬೂಟು ಬೇಕಾದರೆ ಹಳೆಯದು ತನ್ನಿ.

ಮಗಳಿಗೆ 9 ವರ್ಷ, ಕಾರ್ಟಿಂಗ್ (ಪುಟ್ಟ ತೆರೆದ ಕಾರುಗಳ ರೇಸ್) ಅಂದರೆ ಪ್ರಾಣ. ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ಒಂದು ಅಕಾಡೆಮಿಯವರು ಎರಡು ಲಕ್ಷ ಕಟ್ಟಿದರೆ ನ್ಯಾಷನಲ್ ಲೈಸೆನ್ಸ್, ಸ್ಪಾನ್ಸರ್ ಎರಡೂ ಗ್ಯಾರಂಟಿ ಅನ್ನುತ್ತಾರೆ.

ಕಟ್ಟಬೇಡಿ. ಸ್ಪಾನ್ಸರ್ ಗ್ಯಾರಂಟಿ ಅಂದವರ ಮಾತನ್ನು ಅಲ್ಲೇ ಮುಗಿಸಿ ಎದ್ದು ಬನ್ನಿ. ನಮ್ಮ ದೇಶದಲ್ಲಿ ಸ್ಪರ್ಧೆಯ ಲೈಸೆನ್ಸ್ ಕೊಡುವುದು ಮೋಟಾರ್ ಸ್ಪೋರ್ಟ್ ಕ್ಲಬ್‌ಗಳ ರಾಷ್ಟ್ರೀಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ. ಮಗುವಿನ ಅರ್ಜಿಗೆ ಸಹಿ ಹಾಕಬೇಕಾದವರು ನೀವು.

ಬೆಂಗಳೂರಿನ ಮೆಕೊ ಕಾರ್ಟೋಪಿಯಾದಂಥ ಟ್ರ್ಯಾಕಿಗೆ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ. ಬಾಡಿಗೆ ಕಾರ್ಟಿನಲ್ಲೇ ಕೂರಿಸಿ. ಸ್ವಂತ ಕಾರ್ಟ್ ಈಗ ಬೇಡ, ಮಗು ಬೆಳೆಯುತ್ತದೆ, ಸೀಟು ಸಾಲದಾಗುತ್ತದೆ. ಪ್ರತಿ ಸುತ್ತಿನ ಸಮಯ ನೋಟ್ ಪುಸ್ತಕದಲ್ಲಿ ಅವಳ ಕೈಯಲ್ಲೇ ಬರೆಸಿ. ಅತಿ ವೇಗದ ಸುತ್ತು ಎಷ್ಟು ಅಂತ ನೋಡಬೇಡಿ. ಹತ್ತು ಸುತ್ತಿನಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಎಷ್ಟು ಅಂತರ ಅಂತ ನೋಡಿ. ಆ ಅಂತರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅವಳು ಕಲಿಯುತ್ತಿದ್ದಾಳೆ. ಬೇರೆ ಮಕ್ಕಳ ಜೊತೆ ಹೋಲಿಸುವಾಗ ತೂಕವನ್ನೂ ನೋಡಿ, ಸಣ್ಣ ಎಂಜಿನ್ನಿಗೆ ಹತ್ತು ಕೆ.ಜಿ. ದೊಡ್ಡ ಭಾರ. ಅಪ್ಪಂದಿರು ಬೇಲಿ ಹೊರಗೆ ನಿಂತು ಕೂಗುವುದನ್ನು ನಿಲ್ಲಿಸಿದರೆ ಇನ್ನೂ ಬೇಗ ಕಲಿಯುತ್ತಾಳೆ.

ಬೈಕ್ ರೇಸ್‌ಗೆ ಸ್ವಂತ ರೇಸ್ ಬೈಕ್ ಬೇಕಾ?

ಬೇಡ. ಒನ್ ಮೇಕ್ ಅನ್ನುವ ಸ್ಪರ್ಧೆಗಳಲ್ಲಿ ಎಲ್ಲರಿಗೂ ಕಂಪನಿಯೇ ಒಂದೇ ಥರದ ಬೈಕ್ ಕೊಡುತ್ತದೆ. ಟಿವಿಎಸ್ 1994ರಿಂದ ಇದನ್ನು ನಡೆಸುತ್ತಿದೆ, ಹೆಣ್ಣುಮಕ್ಕಳಿಗೆ ಬೇರೆ ವಿಭಾಗವೂ ಇದೆ. ಆಯ್ಕೆ ಸುತ್ತಿನಲ್ಲಿ ಸಮಯ ತೆಗೆಯಬೇಕು. ಅವರದೇ ಕಾರ್ಖಾನೆ ಕಡಕೊಳದಲ್ಲಿದೆ, ನಮ್ಮ ಹುಡುಗರು ದಿನಾ ಅದರ ಮುಂದೆಯೇ ಓಡಾಡುತ್ತಾರೆ, ಆದರೆ ಅರ್ಜಿ ಹಾಕುವುದಿಲ್ಲ. ಜಾವಾ, ಯೆಜ್ಡಿ ತಯಾರಾದ ಊರು ನಮ್ಮದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಕೈ ಪಳಗಿದ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದನ್ನು ಕಲಿಯಿರಿ.

ಇಂಜಿನಿಯರಿಂಗ್ ಓದುತ್ತಿದ್ದೇನೆ, ಕೈಯಲ್ಲಿ ದುಡ್ಡೇ ಇಲ್ಲ.

ಕಾಲೇಜಿನಲ್ಲಿ, ವಿದ್ಯಾರ್ಥಿಗಳೇ ಕಾರು ಕಟ್ಟಿ ಸ್ಪರ್ಧಿಸುವ ಬಾಹಾ ಅಥವಾ ಫಾರ್ಮುಲಾ ಸ್ಟೂಡೆಂಟ್ ತಂಡ ಇದೆಯಾ ಕೇಳಿ, ಇವತ್ತೇ ಸೇರಿ. ಇಲ್ಲದಿದ್ದರೆ ಮಾರ್ಷಲ್ ಆಗಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ರ‍್ಯಾಲಿಗಳು, ಎಲ್ಲಕ್ಕೂ ಬಾವುಟ ಹಿಡಿಯುವವರು ಬೇಕು. ಹಳದಿ ಅಂದರೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಅಂದರೆ ಓಟ ನಿಂತಿತು. ಕೆಂಪು–ಹಳದಿ ಪಟ್ಟಿ ಅಂದರೆ ಜಾರುತ್ತದೆ. ತಿರುವಿನಿಂದ ಹತ್ತು ಮೀಟರ್ ದೂರ ನಿಂತು ಒಂದು ದಿನ ನೋಡಿದರೆ, ಯಾರು ಎಲ್ಲಿ ಬ್ರೇಕ್ ಹಿಡಿಯುತ್ತಾರೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಗ್ಯಾಲರಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ.

ಶ್ರೀರಂಗಪಟ್ಟಣದಿಂದ. ಎಲ್ಲ ಸರಿ ಸರ್, ಅಪ್ಪ ಬಿಡುತ್ತಿಲ್ಲ.

ಅವರ ಭಯ ಸರಿಯಾದದ್ದೇ. ವಾದ ಮಾಡಬೇಡಿ. ಮುಂದಿನ ಸ್ಪರ್ಧೆಗೆ ಅವರನ್ನೇ ಕರೆದುಕೊಂಡು ಬನ್ನಿ, ಬೆಳಗ್ಗೆ ಬೇಗ, ತಪಾಸಣೆ ಶುರುವಾಗುವ ಹೊತ್ತಿಗೆ. ಬ್ಯಾಟರಿ ಅಲುಗಿದ್ದಕ್ಕೆ ಕಾರು ವಾಪಸ್ ಕಳಿಸುವುದನ್ನು ಅವರು ನೋಡಲಿ. ಆಂಬುಲೆನ್ಸ್ ಬಂದು ನಿಲ್ಲುವ ತನಕ ಮೊದಲ ಕಾರು ಬಿಡುವುದಿಲ್ಲ ಅನ್ನುವುದನ್ನೂ ನೋಡಲಿ. ನಾನು ಅಲ್ಲೇ ಇರುತ್ತೇನೆ, ಅವರ ಜೊತೆ ನಾನೇ ಮಾತಾಡುತ್ತೇನೆ.