ಸಸ್ಯಗಳ ವಿದ್ಯುತ್ ಸಂಕೇತಗಳು ಚೀನೀ ವೈದ್ಯದ ‘ಚೀ’ ಪರಿಕಲ್ಪನೆಗೆ ಪುರಾವೆಯಾಗುತ್ತವೆಯೇ?

ಆಗುವುದಿಲ್ಲ. ಸಸ್ಯಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು 1873ರಲ್ಲಿ ಬ್ರಿಟಿಷ್ ಶರೀರವಿಜ್ಞಾನಿ ಬರ್ಡನ್ ಸ್ಯಾಂಡರ್ಸನ್ ಅವರು ಕೀಟಾಹಾರಿ ವೀನಸ್ ಫ್ಲೈಟ್ರ್ಯಾಪ್ ಗಿಡದ ಎಲೆಯಲ್ಲಿ ಅಳೆದು ತೋರಿಸಿದರು. ಮುಂದೆ ಜಗದೀಶಚಂದ್ರ ಬೋಸರು ಮುಟ್ಟಿದರೆ ಮುನಿ ಗಿಡದಲ್ಲಿ ಇದನ್ನು ವಿಸ್ತಾರವಾಗಿ ಅಭ್ಯಸಿಸಿದರು. ಫ್ಲೈಟ್ರ್ಯಾಪ್ ಎಲೆಯೊಳಗಿನ ಸೂಕ್ಷ್ಮ ರೋಮವನ್ನು ಕೀಟವು ಒಮ್ಮೆ ತಾಕಿದರೆ ಸಂಕೇತವೊಂದು ಹುಟ್ಟುತ್ತದೆಯಾದರೂ ಎಲೆ ಸಾಮಾನ್ಯವಾಗಿ ಮುಚ್ಚಿಕೊಳ್ಳುವುದಿಲ್ಲ. ಸುಮಾರು 20–30 ಸೆಕೆಂಡುಗಳೊಳಗೆ ಎರಡನೆಯ ಸ್ಪರ್ಶವಾದರೆ ಥಟ್ಟನೆ ಮುಚ್ಚುತ್ತದೆ. ಜೀವಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ, ಪೊರೆಯ ಮೂಲಕ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಹೊರಹೋಗುವುದರಿಂದ ಈ ಸಂಕೇತ ಉಂಟಾಗುತ್ತದೆ; ಗಿಡದ ದೂರದ ಭಾಗಗಳಿಗೆ ಅದು ತಲುಪುವುದು ಬಹುಮಟ್ಟಿಗೆ ಆಹಾರ ಸಾಗಿಸುವ ಫ್ಲೋಯಂ ನಾಳಗಳ ಮೂಲಕ. ನರಗಳೇ ಇಲ್ಲದ ಜೀವಿಯೊಂದು ಇಷ್ಟನ್ನು ಸಾಧಿಸುವುದು ನಿಜಕ್ಕೂ ಬೆರಗಿನ ವಿಷಯ.

ಚೀನೀ ಸಾಂಪ್ರದಾಯಿಕ ವೈದ್ಯದ ಪ್ರಕಾರ ‘ಚೀ’ ಎಂಬ ಜೀವಶಕ್ತಿಯು ದೇಹದೊಳಗಿನ ಮೆರಿಡಿಯನ್‌ಗಳೆಂಬ 12 ಮುಖ್ಯ ಹಾದಿಗಳಲ್ಲಿ ಹರಿಯುತ್ತದೆ. ನರವಿಲ್ಲದೆಯೂ ಸಂಕೇತ ಸಾಗಬಲ್ಲದು ಎಂಬ ಒಂದೇ ಕಾರಣಕ್ಕೆ ಇವೆರಡನ್ನೂ ಒಂದೆಂದು ಹೇಳುವುದು ಸರಿಯಲ್ಲ. ಫ್ಲೋಯಂ ನಾಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಅಲ್ಲಿನ ವೋಲ್ಟೇಜನ್ನು ಎಲೆಕ್ಟ್ರೋಡಿನಿಂದ ಅಳೆಯಬಹುದು. ಮೆರಿಡಿಯನ್‌ಗೆ ಹೊಂದುವ ಪ್ರತ್ಯೇಕ ರಚನೆಯೊಂದು ಮಾನವ ದೇಹದಲ್ಲಿ ದೃಢಪಟ್ಟಿಲ್ಲ. ಈ ವೈದ್ಯದಲ್ಲಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಬಿಂದುಗಳಲ್ಲಿ ಚರ್ಮದ ವಿದ್ಯುತ್ ರೋಧ ಕಡಿಮೆ ಇರುತ್ತದೆ ಎಂಬ ವಾದವೂ ಇದೆ. ಆದರೆ ಬೆವರು ಮತ್ತು ಎಲೆಕ್ಟ್ರೋಡನ್ನು ಒತ್ತುವ ಬಲ ಎರಡೂ ಆ ಅಳತೆಯನ್ನು ಸುಲಭವಾಗಿ ಬದಲಿಸಿಬಿಡುತ್ತವೆ.