ಐಐಟಿಗೆ ಹೋಗಿ ಇಕನಾಮಿಕ್ಸ್ ಓದುವುದಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಜೆಇಇಗೆ ಓದುತ್ತಿದ್ದಾಳೆ. ಈಗ ಇದ್ದಕ್ಕಿದ್ದ ಹಾಗೆ "ಐಐಟಿ ಸಿಕ್ಕರೆ ಇಕನಾಮಿಕ್ಸ್ ತಗೋತೀನಿ ಅಪ್ಪಾ" ಅನ್ನುತ್ತಾಳೆ. ಆರ್ಟ್ಸ್ ಓದುವುದಕ್ಕೆ ಅಷ್ಟು ಕಷ್ಟಪಟ್ಟು ಅಲ್ಲಿಗೆ ಯಾಕೆ ಹೋಗಬೇಕು ಮೇಡಂ?
– ಒಬ್ಬ ತಂದೆ, ಹಾವೇರಿ

ಉತ್ತರ: ಆರ್ಟ್ಸ್ ಅಂದರೆ ಸುಲಭ ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ ಸರ್. ಕಾನ್ಪುರ, ಮುಂಬೈ ಐಐಟಿಗಳಲ್ಲಿ ಇಕನಾಮಿಕ್ಸ್ ನಾಲ್ಕು ವರ್ಷದ ಬಿಎಸ್ ಪದವಿ. ಸೀಟು ಸಿಗುವುದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಮೇಲೆಯೇ. ಗಣಿತ, ಸ್ಟಾಟಿಸ್ಟಿಕ್ಸ್ ಜಾಸ್ತಿಯೇ ಇರುತ್ತದೆ.

ಅಲ್ಲಿ ಏನು ಕಲಿಯುತ್ತಾರೆ ಅಂತ ತಿಳಿಯಲು ಒಂದು ಉದಾಹರಣೆ ಸಾಕು. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಪೂರ್ತಿ ಆಗುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಯವರು ಕೆಲವು ಹಳ್ಳಿಗಳಲ್ಲಿ ಪ್ರತಿ ತಿಂಗಳು ತಪ್ಪದೆ ಕ್ಯಾಂಪ್ ಹಾಕಿಸಿದರು, ಇನ್ನು ಕೆಲವು ಕಡೆ ಕ್ಯಾಂಪ್ ಜೊತೆಗೆ ಪ್ರತಿ ಸಲ ಬಂದ ತಾಯಿಗೆ ಒಂದು ಕೆಜಿ ಬೇಳೆ, ಲಸಿಕೆ ಎಲ್ಲ ಮುಗಿದರೆ ಊಟದ ತಟ್ಟೆಗಳನ್ನೂ ಕೊಡಿಸಿದರು. ಏನೂ ಮಾಡದ ಕಡೆ ನೂರಕ್ಕೆ 6 ಮಕ್ಕಳಿಗೆ ಲಸಿಕೆ ಪೂರ್ತಿಯಾಗಿತ್ತು. ಬರೀ ಕ್ಯಾಂಪ್ ಇದ್ದ ಕಡೆ 18. ಬೇಳೆ ಕೊಟ್ಟ ಕಡೆ 39! ಅದಕ್ಕಿಂತ ನನಗೆ ಇಷ್ಟವಾದದ್ದು ಖರ್ಚಿನ ಲೆಕ್ಕ. ನರ್ಸ್‌ಗೆ ದಿನದ ಸಂಬಳ ಹೇಗೂ ಕೊಡಲೇಬೇಕು, ಇಬ್ಬರು ಮಕ್ಕಳು ಬಂದರೂ ಅಷ್ಟೇ, ಇಪ್ಪತ್ತು ಬಂದರೂ ಅಷ್ಟೇ. ಹಾಗಾಗಿ ಬೇಳೆಯ ದುಡ್ಡು ಸೇರಿಸಿದರೂ ಒಂದು ಮಗುವಿಗೆ ಬಿದ್ದ ಖರ್ಚು ಕಡಿಮೆಯೇ ಆಯಿತು. 2019ರಲ್ಲಿ ನೊಬೆಲ್ ಪಡೆದ ಈ ಇಬ್ಬರೂ ಆಗ ಪಾಠ ಮಾಡುತ್ತಿದ್ದದ್ದು ಅಮೆರಿಕದ ಎಂಐಟಿಯಲ್ಲಿ. ಅದೂ ಟೆಕ್ನಾಲಜಿ ಸಂಸ್ಥೆಯೇ ಅಲ್ವಾ?

ಒಂದೇ ಒಂದು ಎಚ್ಚರ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಐಐಟಿ ಹೆಸರಾದರೂ ಇರಲಿ ಅಂತ ಸುಮ್ನೆ ಸೇರಿಸಬೇಡಿ. ಮಗಳನ್ನು ಕೂರಿಸಿಕೊಂಡು, ಅವಳಿಗೆ ಇದರಲ್ಲಿ ಏನು ಹಿಡಿಸಿದೆ ಅಂತ ಕೇಳಿ. ಅವಳು ಅರ್ಧ ಗಂಟೆ ಮಾತಾಡಿದರೆ ಕಳಿಸಿಕೊಡಿ.

ಪ್ರಶ್ನೆ: ನಾನು ಬಿಎ ಓದುತ್ತಿದ್ದೇನೆ. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ನನಗೆ ಐಐಟಿ ಬಾಗಿಲು ಮುಚ್ಚಿದ ಹಾಗೆಯೇ?
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲ ತಂಗಿ. ಜೆಇಇ ದಾರಿ ಮುಚ್ಚಿದೆ ಅಷ್ಟೇ. ಡಿಗ್ರಿ ಆದಮೇಲೆ ಮುಂದೆ ಓದಲು ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಸಮಾಜ ವಿಜ್ಞಾನಕ್ಕೂ ಪೇಪರ್ ಇದೆ. ಓದಿ ಅರ್ಥಮಾಡಿಕೊಳ್ಳುವ, ತರ್ಕದ ಭಾಗ ಎಲ್ಲರಿಗೂ ಒಂದೇ. ಉಳಿದದ್ದಕ್ಕೆ ಇಕನಾಮಿಕ್ಸ್, ಸೋಷಿಯಾಲಜಿ, ಸೈಕಾಲಜಿ ಇಂಥವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಡಿಗ್ರಿ ಮೂರನೇ ವರ್ಷದಲ್ಲೇ ಬರೆಯಬಹುದು. ಮದ್ರಾಸ್ ಐಐಟಿಯ ಎರಡು ವರ್ಷದ ಎಂಎಗೆ ಇದೇ ದಾರಿ. ಐಐಟಿಗಳ ಎಂಎಸ್ಸಿಯಂಥ ಕೋರ್ಸ್‌ಗಳಿಗೆ ನಡೆಯುವ ಜಾಮ್ ಪರೀಕ್ಷೆಯಲ್ಲೂ ಇಕನಾಮಿಕ್ಸ್ ಇದೆ, ಆದರೆ ಅಲ್ಲಿ ಗಣಿತ ಬೇಕೇ ಬೇಕು. ಅದನ್ನೇ ಬರೆಯುವುದಾದರೆ ಪಕ್ಕದ ಮನೆಯವರ ಹಳೇ ಸೆಕೆಂಡ್ ಪಿಯುಸಿ ಗಣಿತದ ಪುಸ್ತಕ ಈಗಲೇ ಕೇಳಿ ತನ್ನಿ, ದಿನಕ್ಕೆ ಒಂದು ಗಂಟೆ ಕೂತು ಲೆಕ್ಕ ಮಾಡಿ.